ಕಲಿನಾಗೊ ಜನರ ಕಲಾರಕ್ಷಣೆ

ನಮ್ಮ ದೇಶವನ್ನು ಅರಸುತ್ತ ಪಶ್ಚಿಮಕ್ಕೆ ಹೊರಟ ಕೊಲಂಬಸನು 1492ರಲ್ಲಿ ಬೇರೆಯೇ ದ್ವೀಪಗಳನ್ನು ಮುಟ್ಟಿ, ಅಲ್ಲಿಯ ಜನರನ್ನು ಇಂಡಿಯನ್ನರೆಂದು ಕರೆದನು. ಆ ದ್ವೀಪಗಳಿಗೆ ವೆಸ್ಟ್ ಇಂಡೀಸ್ ಎಂಬ ಹೆಸರು ಇಂದಿಗೂ ಅಂಟಿಕೊಂಡಿರುವದು. ಆ ಹೆಸರನ್ನು ಕೇಳಿದೊಡನೆ ನಮ್ಮವರಿಗೆ ಕ್ರಿಕೆಟ್ಟಿನ ನೆನಪಾಗುವದೇ ಹೊರತು, ನಮ್ಮ ದೇಶದ ಹೆಸರನ್ನು ಹೊತ್ತ ಆ ಮೂಲನಿವಾಸಿಗಳು ಏನಾದರೆಂಬ ವಿಚಾರವು ಬರುವದಿಲ್ಲ.

ಪರಕೀಯರ ಕತ್ತಿ, ಅವರು ತಂದ ಸಿಡುಬೇ ಮೊದಲಾದ ರೋಗಗಳು, ಬಲಾತ್ಕಾರದ ದುಡಿಮೆ ಇವೆಲ್ಲ ಕೂಡಿ ಆ ಜನರಲ್ಲಿ ಬಹುಭಾಗವನ್ನು ನುಂಗಿದವು. ಅಳಿದುಳಿದವರಲ್ಲಿ ಡೊಮಿನಿಕಾ ದ್ವೀಪದ ಕಲಿನಾಗೊ ಜನರು ಮುಖ್ಯರು. ಯುರೋಪಿಯನ್ನರು ಇವರನ್ನು ಕರಿಬರೆಂದು ಕರೆದರು. ಆ ಹೆಸರಿನಿಂದಲೇ ನರಭಕ್ಷಕನೆಂಬ ಅರ್ಥದ 'ಕ್ಯಾನಿಬಲ್' ಶಬ್ದವು ಹುಟ್ಟಿತು. ಸೋತವರ ನೆಲವನ್ನು ಕಸಿದು ಹೆಸರನ್ನೂ ಕೆಡಿಸುವದು ಸಾಮ್ರಾಜ್ಯಶಾಹಿಯ ಹಳೆಯ ರೂಢಿಯಷ್ಟೆ. 1903ರಲ್ಲಿ ಬ್ರಿಟಿಷ್ ಆಡಳಿತವು ದ್ವೀಪದ ಪೂರ್ವತೀರದಲ್ಲಿ ಸುಮಾರು 3,700 ಎಕರೆ ನೆಲವನ್ನು ಇವರಿಗೆಂದು ಕಾದಿರಿಸಿತು. 1978ರಲ್ಲಿ ಡೊಮಿನಿಕಾ ಸ್ವತಂತ್ರವಾಯಿತು. 2015ರಲ್ಲಿ ಆ ನೆಲಕ್ಕೆ ಕಲಿನಾಗೊ ಎಂಬ ಅವರದೇ ಹೆಸರು ಅಧಿಕೃತವಾಯಿತು. ಆದರೆ ಹೆಸರು ಮರಳಿ ಬರುವದರೊಳಗೆ ನುಡಿಯು ಹೊರಟುಹೋಗಿತ್ತು. 20ನೆಯ ಶತಮಾನದ ಮೊದಲ ದಶಕಗಳಲ್ಲಿಯೇ ಆ ಭಾಷೆಯನ್ನಾಡುವವರು ದ್ವೀಪದಲ್ಲಿ ಇಲ್ಲವಾದರು.

ಉಳಿದುದು ಕೈಯ ಕಲೆ. ಲರೂಮಾ ಎಂಬ ಜೊಂಡಿನಂಥ ಗಿಡದ ದಂಟನ್ನು ಸೀಳಿ, ಹೆರೆದು, ಬಿಸಿಲಿಗೆ ಒಣಗಿಸಿ, ಕೆಲವನ್ನು ಕೆಸರಿನಲ್ಲಿ ಹೂಳಿ ಕಪ್ಪೇರಿಸಿ, ಕಂದು, ಕಪ್ಪು, ಬಿಳುಪುಗಳ ವಿನ್ಯಾಸದಲ್ಲಿ ಇವರು ಬುಟ್ಟಿ ಹೆಣೆಯುವರು. ಹೆಣಿಗೆಯ ಎರಡು ಪದರುಗಳ ನಡುವೆ ಅಗಲವಾದ ಎಲೆಗಳನ್ನಿಟ್ಟರೆ ಮಳೆಯ ನೀರು ಒಳಗಿಳಿಯದು. ಕಹಿ ಮರಗೆಣಸಿನಲ್ಲಿ ವಿಷವುಂಟು. ಅದನ್ನು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ತುಂಬಿ ಜಗ್ಗಿದರೆ ವಿಷರಸವು ಹಿಂಡಿಹೋಗಿ, ಬೇಯಿಸಿ ರೊಟ್ಟಿ ಮಾಡಲು ಬರುವದು. ಮರದ ದಿಮ್ಮಿಯನ್ನು ಕೊರೆದು ಮಾಡುವ ದೋಣಿಯೂ ಇಂಥದೇ ವಿದ್ಯೆ. 1997ರಲ್ಲಿ 'ಗ್ಲಿ ಗ್ಲಿ' ಎಂಬ ಇಂಥ ದೋಣಿಯಲ್ಲಿ ಕಲಿನಾಗೊ ನಾವಿಕರು ದಕ್ಷಿಣ ಅಮೇರಿಕದ ಗಯಾನಾದವರೆಗೆ ಸಾಗಿ ತಮ್ಮ ಕುಲಬಂಧುಗಳನ್ನು ಕಂಡರು. ನುಡಿಯಳಿದ ಜನಕ್ಕೆ ಕೈಬೆರಳುಗಳೇ ಗ್ರಂಥಭಾಂಡಾರವು.

ಇಂಥ ಕಲೆಯನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯು ಕಾಯುವದೆಂದು ನಂಬುವವರಿದ್ದಾರೆ. 1792ರಲ್ಲಿ ಜಮೈಕಾದ ಗುಹೆಯೊಂದರಲ್ಲಿ ಸಿಕ್ಕ, ಟೈನೊ ಜನರು ಮರದಲ್ಲಿ ಕಡೆದ ಮೂರ್ತಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನ ಪಾಲಾದವು. ಅವುಗಳನ್ನು ಮರಳಿಸಿರೆಂದು ಜಮೈಕಾ ಸರಕಾರವು ಕೇಳುತ್ತಿರುವದು ಕೇವಲ ನ್ಯಾಯವಾದದ್ದು. ಆದರೆ ಮೂರ್ತಿಗಳು ಮರಳಿದರೂ ಅವನ್ನು ಕಡೆದವರ ಶಿಷ್ಯಪರಂಪರೆಯು ಮರಳುವದೆ? ಅಲ್ಲಿ ಕಡಿದುಹೋದ ಪರಂಪರೆಯು ಡೊಮಿನಿಕಾದಲ್ಲಿ ಇನ್ನೂ ಜೀವಂತವಾಗಿರುವದು. ವ್ಯತ್ಯಾಸವಿರುವದು ಇಲ್ಲಿಯೇ.

ಪ್ರವಾಸಿಗರಿಗೆ ಮಾರುವದರಿಂದ ಕಲೆಯು ಕೆಡುವದೆಂದು ಮತ್ತೆ ಕೆಲವರು ಮೂಗು ಮುರಿಯುವರು. ನಮಗೆ ಈ ವಾದವು ಒಪ್ಪಿಗೆಯಾಗದು. 2006ರಲ್ಲಿ 'ಕಲಿನಾಗೊ ಬರಾನಾ ಔಟೆ' ಎಂಬ ಮಾದರಿ ಹಳ್ಳಿಯನ್ನು ತೆರೆದುದು ಯೋಗ್ಯವೇ ಆಯಿತು. ಹೊಟ್ಟೆಗೆ ಹಾಕದ ವಿದ್ಯೆಯನ್ನು ಮಗನಿಗೆ ಕಲಿಸೆಂದು ತಂದೆಗೆ ಹೇಳುವ ಅಧಿಕಾರವು ಯಾರಿಗೂ ಇಲ್ಲ. ಕೊಳ್ಳುವವನು ಬರಲಿ, ಆದರೆ ಅವನ ಚೌಕಾಶಿಗೆ ತಕ್ಕಂತೆ ಹೆಣಿಗೆಯು ಸಡಿಲಾಗದಿರಲಿ.

ಎಲ್ಲಕ್ಕೂ ಮಿಗಿಲಾದ ಪ್ರಶ್ನೆಯು ನೆಲದ್ದು. ಕಲಿನಾಗೊ ಪ್ರಾಂತದ ಭೂಮಿಯು ಸಮಸ್ತರ ಸೊತ್ತು. ಒಬ್ಬನು ಅದನ್ನು ಮಾರಲಾರನು, ಬ್ಯಾಂಕಿಗೆ ಒತ್ತೆಯಿಡಲಾರನು. ಇದರಿಂದ ತರುಣರಿಗೆ ಸಾಲ ಹುಟ್ಟುವದು ಕಷ್ಟವಾಗಿರುವದು ನಿಜ. ಅದಕ್ಕಾಗಿ ನೆಲವನ್ನೇ ಹಂಚಿಕೊಳ್ಳುವದು ಪರಿಹಾರವಾದೀತೆ? ಹಂಚಿದ ನೆಲವು ಇಂದು ಒತ್ತೆ, ನಾಳೆ ಪರಾಧೀನ. ಲರೂಮಾ ಬೆಳೆಯುವ ತಂಪು ನೆಲವೂ ದೋಣಿಯ ಮರಗಳೂ ಪರರ ಪಾಲಾದ ಮೇಲೆ ಹೆಣೆಯುವ ಕೈಗಳು ಏನನ್ನು ಹೆಣೆದಾವು? 2017ರ ಮರಿಯಾ ಚಂಡಮಾರುತವು ಆ ದ್ವೀಪದ ಮನೆಗಳನ್ನೂ ಕಾಡನ್ನೂ ಕೆಡವಿತು. ಕಾಡು ಮತ್ತೆ ಚಿಗುರೀತು, ಮಾರಿದ ನೆಲ ಚಿಗುರದು. ಆದುದರಿಂದ ನೆಲವು ಅವಿಭಕ್ತವಾಗಿಯೇ ಇರಲಿ. ಸರಕಾರವು ತಾನೇ ಹೊಣೆನಿಂತು ಕುಶಲಕರ್ಮಿಗಳಿಗೆ ಸಾಲ ಕೊಡಿಸಲಿ. ಹೆಣೆಯಬಲ್ಲ ವೃದ್ಧರನ್ನು ಸಂಬಳದ ಗುರುಗಳನ್ನಾಗಿ ಶಾಲೆಗೆ ಕರೆತರಲಿ.

2023ರಲ್ಲಿ ಸಿಲ್ವನಿ ಬರ್ಟನ್ ಎಂಬ ಕಲಿನಾಗೊ ಮಹಿಳೆಯು ಡೊಮಿನಿಕಾದ ಅಧ್ಯಕ್ಷಪದವನ್ನೇರಿದುದನ್ನು ನಾವು ಮನಃಪೂರ್ವಕವಾಗಿ ಮೆಚ್ಚುವೆವು. ಆದರೆ ಅರಮನೆಗೆ ಬಂದ ಮಾನವು ಬುಟ್ಟಿ ಹೆಣೆಯುವವರ ಅಂಗಳಕ್ಕೂ ತಲುಪಬೇಕು. ಪರರ ಆಳ್ವಿಕೆಯಲ್ಲಿ ನುಡಿಯು ಅಳಿದುದಕ್ಕೆ ಪರರನ್ನು ದೂರಬಹುದು. ಸ್ವರಾಜ್ಯದಲ್ಲಿ ಕಲೆಯು ಅಳಿದರೆ ದೂರುವದು ಯಾರನ್ನು?