ಉಚಿತ ಯಾವುದು, ಪುಕ್ಕಟೆ ಯಾವುದು

ಪಿಯುಸಿ ಫಲಿತಾಂಶ ಬಂದು ಮಕ್ಕಳು ಹಾಸನ, ಮಂಗಳೂರು, ಬೆಂಗಳೂರು ಎಂದು ಕಾಲೇಜು ಹುಡುಕುವ ಹೊತ್ತಿಗೆ ಬಾಳ್ಳುಪೇಟೆಯಲ್ಲಿ ಮಳೆಗಿಂತ ಮುಂಚೆ ಒಂದು ಪ್ರಶ್ನೆ ಬರುತ್ತದೆ: ‘ಯಾವ ಲ್ಯಾಪ್‌ಟಾಪ್ ತಗೊಳ್ಳೋದು?’ ಕಾಫಿ ಮಾರಿದ ದುಡ್ಡು, ಶುಂಠಿಯಲ್ಲಿ ಉಳಿದದ್ದು, ಏನೂ ಉಳಿಯದಿದ್ದರೆ ಸಂಘದ ಸಾಲ ಇಲ್ಲವೇ ಇಎಂಐ. ಇವುಗಳಲ್ಲಿ ಯಾವುದೋ ಒಂದರ ಮೇಲೆ ನಿಂತ ಪ್ರಶ್ನೆ ಅದು. ಉತ್ತರ ಕೊಡುವವರು ಅಂಗಡಿಯವರು. ‘ಐ5 ಸಾರ್, ಹದಿನಾರು ಜಿಬಿ, ಬ್ಯಾಗು ಮೌಸು ಫ್ರೀ.’ ಅಪ್ಪ ಬ್ಯಾಗನ್ನು ಮುಟ್ಟಿ ನೋಡುತ್ತಾನೆ, ಮಗಳು ಬಣ್ಣ ನೋಡುತ್ತಾಳೆ, ವ್ಯಾಪಾರ ಮುಗಿಯುತ್ತದೆ.

ನನ್ನ ತಕರಾರು ಇಷ್ಟೇ: ಆ ಪ್ರಶ್ನೆ ತಲೆಕೆಳಗಾಗಿದೆ. ಹೊಲ ಎಂಥದೆಂದು ನೋಡದೆ ನೇಗಿಲು ಕೊಂಡಂತೆ. ಯಾವ ತಂತ್ರಾಂಶದಲ್ಲಿ ಕೆಲಸ ಮಾಡುತ್ತೇವೆ ಎಂಬುದು ಮೊದಲು ತೀರ್ಮಾನವಾಗಬೇಕು, ಯಂತ್ರ ಆಮೇಲಿನದು. ಈ ಕ್ರಮ ತಪ್ಪಿದ್ದರಿಂದ ನಮ್ಮ ಭಾಗದ ಮನೆಗಳು ಬೇಡದ ಖರ್ಚು ಮಾಡುತ್ತಿವೆ, ಕೆಡದ ಯಂತ್ರವನ್ನು ಗುಜರಿಗೆ ಹಾಕುತ್ತಿವೆ, ಸಾಲದ್ದಕ್ಕೆ ಕನ್ನಡವನ್ನೂ ಕಳೆದುಕೊಳ್ಳುತ್ತಿವೆ.

ಮೊದಲು ಮಾತಿನ ಗೊಂದಲ ಬಿಡಿಸಿಕೊಳ್ಳೋಣ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದ ಬೆಲೆಯಿಲ್ಲದ್ದಕ್ಕೂ ಬಂಧನವಿಲ್ಲದ್ದಕ್ಕೂ ಆಗುತ್ತದೆ. ಆ ಕಾರಣಕ್ಕೆ ಅವರು ನಲವತ್ತು ವರ್ಷಗಳಿಂದ ವಿವರಣೆ ಕೊಡುತ್ತಲೇ ಇದ್ದಾರೆ. ನಮಗೆ ಆ ಕಷ್ಟವಿಲ್ಲ. ಪುಕ್ಕಟೆ ಬೇರೆ, ಮುಕ್ತ ಬೇರೆ. ‘ಉಚಿತ’ ಎಂದರೆ ಕಾಸಿಲ್ಲದ್ದು ಎಂದೂ ಆಗುತ್ತದೆ, ತಕ್ಕದ್ದು ಎಂದೂ ಆಗುತ್ತದೆ. ‘ಬಿಟ್ಟಿ’ ಎಂಬ ಮಾತಿಗೆ ಪುಕ್ಕಟೆ ಎಂಬ ಅರ್ಥವಿರುವಂತೆ ಕೂಲಿಯಿಲ್ಲದ ಚಾಕರಿ ಎಂಬ ಅರ್ಥವೂ ಇದೆ. ಫೋನಿನಲ್ಲಿ ಕಾಸು ಕೇಳದ ಎಷ್ಟೋ ಆ್ಯಪ್‌ಗಳು ಈ ಎರಡನೆಯ ಅರ್ಥದಲ್ಲಿ ಬಿಟ್ಟಿ. ನಾವು ಎಲ್ಲಿದ್ದೇವೆ, ಯಾರ ಜೊತೆ ಮಾತಾಡಿದೆವು, ಏನು ಕೊಂಡೆವು ಎಂಬ ಲೆಕ್ಕವನ್ನು ಅವುಗಳಿಗೆ ದಿನವಿಡೀ ಹೊತ್ತು ಹಾಕುವವರು ನಾವೇ.

ಮುಕ್ತ ತಂತ್ರಾಂಶ ಇದಲ್ಲ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದಾಗ ಇಟ್ಟ ಬೇಡಿಕೆ ರೈತನಿಗೆ ಕೂಡಲೇ ಅರ್ಥವಾಗುವಂಥದ್ದು. ಬಿತ್ತನೆ ಬೀಜವನ್ನೇ ತೆಗೆದುಕೊಳ್ಳಿ. ಬೇಕಾದ ಹೊಲದಲ್ಲಿ ಬಿತ್ತಬಹುದು. ಅದು ಹೇಗೆ ಬೆಳೆಯುತ್ತದೆಂದು ನೋಡಿ ಅರಿಯಬಹುದು. ಒಂದು ಸೇರು ಪಕ್ಕದ ಮನೆಗೆ ಕೊಡಬಹುದು. ಒಳ್ಳೆಯ ತೆನೆ ಆರಿಸಿ ಸುಧಾರಿಸಿ ಆ ಸುಧಾರಿಸಿದ್ದನ್ನೂ ಹಂಚಬಹುದು. ಮುಕ್ತ ತಂತ್ರಾಂಶದ ನಾಲ್ಕು ಸ್ವಾತಂತ್ರ್ಯಗಳು ಇವೇ: ಬಳಸು, ಅರಿ, ಹಂಚು, ತಿದ್ದಿ ಹಂಚು. ಬೀಜ ಉಳಿಸುವ, ವಿನಿಮಯ ಮಾಡುವ ಹಕ್ಕನ್ನು ರೈತನಿಗೆ ನಮ್ಮ ಸಂಸತ್ತು 2001ರ ಕಾಯ್ದೆಯಲ್ಲಿ ಬರೆದುಕೊಟ್ಟಿದೆ. ರಾಜಮುಡಿ ಭತ್ತದ ಬೀಜ ಒಬ್ಬ ಕಂಪನಿಯವನ ಕಪಾಟಿನಲ್ಲಿರಬಾರದು ಎಂದು ವಾದಿಸುವ ನಾವು, ನಮ್ಮ ಮಕ್ಕಳ ಪಾಠ, ನಮ್ಮ ತೋಟದ ಲೆಕ್ಕ, ನಮ್ಮ ಸಂಘದ ನಡಾವಳಿ ಒಬ್ಬ ಕಂಪನಿಯವನ ಬೀಗದೊಳಗಿದ್ದರೆ ಯಾಕೆ ಸುಮ್ಮನಿದ್ದೇವೆ?

ಇದು ಬರೀ ತತ್ವದ ಮಾತಲ್ಲ. ಕನ್ನಡ ಇದಕ್ಕೆ ಈಗಾಗಲೇ ದಂಡ ಕಟ್ಟಿದೆ. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಅದಾದ ಕೆಲವೇ ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಕ್ಷಾಂತರ ಬೆರಳುಗಳಿಗೆ ಕನ್ನಡ ಕಲಿಸಿತು. ಈ ಉಪಕಾರ ಸಣ್ಣದಲ್ಲ, ಮರೆಯುವಂಥದ್ದೂ ಅಲ್ಲ. ಆದರೆ ಆ ಕಾಲದ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಅಕ್ಷರಶೈಲಿ ಇದ್ದರೆ ಅದು ಕನ್ನಡ, ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಗೀಚು. ಯೂನಿಕೋಡ್ ತನ್ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಸ್ವಂತ ಮನೆ ಕೊಟ್ಟಿದ್ದರೂ ನಾವು ವರ್ಷಾನುಗಟ್ಟಲೆ ಬಾಡಿಗೆ ಮನೆಯಲ್ಲೇ ಉಳಿದೆವು. ಆ ಕಾಲದ ಸ್ಮರಣ ಸಂಚಿಕೆ, ಸಂಘದ ವರದಿ, ಪ್ರೆಸ್ಸಿಗೆ ಕೊಟ್ಟ ಪುಸ್ತಕದ ಕಡತ ಇವತ್ತು ತೆರೆದರೆ ಹುಡುಕಲು ಬರುವುದಿಲ್ಲ. ಪರಿವರ್ತಕದಲ್ಲಿ ಹಾಕಿದರೆ ಒತ್ತಕ್ಷರ ಅಲ್ಲೊಂದು ಇಲ್ಲೊಂದು ಕಳಚಿ ಬೀಳುತ್ತದೆ. ಪುಕ್ಕಟೆ ಸಿಗುತ್ತಿದ್ದ ಬರಹದ ಮುಂದಿನ ಆವೃತ್ತಿಗಳಿಗೆ ಬೆಲೆಯೂ ಬಂತು. ಒಬ್ಬರು ತಮ್ಮ ದುಡಿಮೆಗೆ ಬೆಲೆ ಕೇಳಿದ್ದು ತಪ್ಪಲ್ಲ. ಒಂದು ಇಡೀ ಭಾಷೆ ತನ್ನ ಬರವಣಿಗೆಯನ್ನು ಇನ್ನೊಬ್ಬರ ಮರ್ಜಿಗೆ ಬಿಟ್ಟದ್ದು ತಪ್ಪು.

ಇದನ್ನು ಬೇಗ ಕಂಡವರಲ್ಲಿ ನಮ್ಮ ನೆರೆಯ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಒಬ್ಬರು. 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ ಅವರು ಕಾಡು, ಹಕ್ಕಿಗಳ ಜೊತೆಗೆ ಕನ್ನಡ ತಂತ್ರಾಂಶದ ಬಗ್ಗೆಯೂ ಪಟ್ಟು ಹಿಡಿದು ಮಾತಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆಯಿತ್ತು. ಅವರ ಪುಸ್ತಕ ಓದಿ ಜಾರಿದ ಕಣಿವೆಗಳಿಗೆ ಚಾರಣ ಹೋಗುವವರು ಬಹಳ. ಅವರ ಈ ಜಗಳವನ್ನು ಮುಂದುವರಿಸಿದವರು ಕಡಿಮೆ.

ಈಗ ಯಂತ್ರಕ್ಕೆ ಬರೋಣ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಕೇಳಿದವರಿಗೆ ಇನ್ನೊಂದು ವರ್ಷದ ವಾಯಿದೆ ಕೊಟ್ಟಿತು, ಅಷ್ಟೇ. ವಿಂಡೋಸ್ 11 ಬೇಕಾದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನದೋ ನಂತರದ್ದೋ ಆಗಿರಬೇಕು. ಅಂದರೆ 2016ರಲ್ಲಿ ಕೊಂಡ ಒಳ್ಳೆಯ ಐ5 ಲ್ಯಾಪ್‌ಟಾಪ್, ಕೀಲಿಮಣೆ ಗಟ್ಟಿಯಿದೆ, ಪರದೆ ಚೆನ್ನಾಗಿದೆ, ಆದರೂ ಕಂಪನಿಯ ಲೆಕ್ಕದಲ್ಲಿ ಸತ್ತಿದೆ. ಕಾಯಿ ಬಿಡುವ ಗಿಡವನ್ನು ಯಾರಾದರೂ ಬೇರು ಸಮೇತ ಕೀಳುತ್ತಾರೆಯೇ? ಅದೇ ಯಂತ್ರಕ್ಕೆ ಲಿನಕ್ಸ್ ಮಿಂಟ್ ಹಾಕಿ, ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಕೂರಿಸಿದರೆ ಇನ್ನೂ ಹಲವು ವರ್ಷ ದುಡಿಯುತ್ತದೆ. 4 ಜಿಬಿ ರ‍್ಯಾಮ್ ಮಾತ್ರ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

ಹೊಸ ಯಂತ್ರದ ಕಥೆಯೂ ಕೇಳಿ. ವಿಂಡೋಸ್ 11 ಹೋಮ್ ಇರುವ ಲ್ಯಾಪ್‌ಟಾಪನ್ನು ಮೊದಲ ಸಲ ತೆರೆದಾಗ ಅದು ಇಂಟರ್‌ನೆಟ್ ಕೇಳುತ್ತದೆ, ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ. ಆಷಾಢದಲ್ಲಿ ಮರ ಬಿದ್ದು ಮೂರು ದಿನ ಕರೆಂಟಿಲ್ಲದೆ, ಟವರೂ ಸತ್ತು ಕೂತ ಆಲೂರು ಸಕಲೇಶಪುರದ ಹಳ್ಳಿಯಲ್ಲಿ, ದುಡ್ಡು ಕೊಟ್ಟು ತಂದ ನಿಮ್ಮದೇ ಯಂತ್ರವನ್ನು ತೆರೆಯಲು ಅಮೆರಿಕದ ಅನುಮತಿಗೆ ಕಾಯಬೇಕು. ಜೊತೆಗೆ ಬಂದ ಆಫೀಸ್ ಎಷ್ಟೋ ಸಲ ಒಂದು ವರ್ಷದ ಚಂದಾ. ವರ್ಷ ಕಳೆದ ಮೇಲೆ ಹಣ ಕಟ್ಟಿ, ಇಲ್ಲವೇ ಯಾರಾದರೂ ‘ಕ್ರ್ಯಾಕ್’ ಹಾಕಿಕೊಡುತ್ತಾರೆ. ಆ ಕ್ರ್ಯಾಕ್ ಜೊತೆ ಬರುವ ವೈರಸ್ಸೂ ಪುಕ್ಕಟೆಯೇ.

ಹಾಗಾದರೆ ಏನು ಬಳಸಬೇಕು? ನನ್ನ ಇಷ್ಟದವು ಕೆಲವೇ, ಎಲ್ಲವೂ ಮುಕ್ತ. ಪತ್ರ, ಲೆಕ್ಕ, ಪ್ರಸ್ತುತಿಗೆ ಲಿಬ್ರೆ ಆಫೀಸ್. 2010ರಿಂದ ಬೆಳೆಯುತ್ತಿರುವ ಇದರ ಮೆನುಗಳನ್ನೂ ಕನ್ನಡದಲ್ಲಿ ನೋಡಬಹುದು. ತೋಟದ ಕೂಲಿ ಪಟ್ಟಿಯಿಂದ ಪದವಿಯ ಪ್ರಾಜೆಕ್ಟ್ ವರದಿಯ ತನಕ ಅದರಲ್ಲಿ ಆಗುತ್ತದೆ. ಅಂತರ್ಜಾಲಕ್ಕೆ ಫೈರ್‌ಫಾಕ್ಸ್, ಅದರೊಳಗೆ ಜಾಹೀರಾತು ತಡೆಯಲು ಯುಬ್ಲಾಕ್ ಒರಿಜಿನ್. ಹಾಡು, ಸಿನಿಮಾಗೆ ವಿಎಲ್‌ಸಿ. ಚಿತ್ರ ತಿದ್ದಲು ಗಿಂಪ್, ಬ್ಯಾನರ್ ಮಾಡಲು ಇಂಕ್‌ಸ್ಕೇಪ್. ತೋಟದ, ಜಮೀನಿನ ನಕ್ಷೆಗೆ ಕ್ಯೂಜಿಐಎಸ್. ಹಳೆಯ ಪುಸ್ತಕದ ಪುಟವನ್ನು ಪಠ್ಯ ಮಾಡಲು ಟೆಸರಾಕ್ಟ್. ಅದಕ್ಕೆ ಕನ್ನಡ ಓದಲು ಬರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಮಳೆಗಾಲಕ್ಕೆ ಹೇಳಿಸಿದಂತಿರುವುದು ಕಿವಿಕ್ಸ್. ಇಡೀ ಕನ್ನಡ ವಿಕಿಪೀಡಿಯವನ್ನು ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ಟಿಲ್ಲದೆ ಓದಬಹುದು, ಪೆನ್‌ಡ್ರೈವ್‌ನಲ್ಲಿ ಹಾಕಿ ಶಾಲೆಗೆ ಕೊಡಬಹುದು. ಕೊಟ್ಟರೆ ಕಳ್ಳತನವಲ್ಲ, ಅದು ಇರುವುದೇ ಕೊಡುವುದಕ್ಕೆ. ಕನ್ನಡ ಬರೆಯಲು ಬೇರೆ ತಂತ್ರಾಂಶ ಹುಡುಕಬೇಕಿಲ್ಲ. ಲಿನಕ್ಸ್‌ನ ಐಬಸ್‌ನಲ್ಲಿ ಕೆಜಿಪಿ ವಿನ್ಯಾಸವಿದೆ, ನುಡಿಯಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ. ಬರೆದದ್ದು ಯೂನಿಕೋಡ್, ಎಲ್ಲಿ ತೆರೆದರೂ ಕನ್ನಡವೇ.

ಇಷ್ಟು ತೀರ್ಮಾನವಾದ ಮೇಲೆ ಲ್ಯಾಪ್‌ಟಾಪ್ ಆರಿಸುವುದು ಸುಲಭ. ಈ ಕೆಲಸಗಳಿಗೆ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ ಧಾರಾಳ. ನೋಡಬೇಕಾದ್ದು ಬೇರೆ. ರ‍್ಯಾಮ್ ಬೆಸುಗೆ ಹಾಕಿದ್ದೋ, ಬದಲಿಸಬಹುದಾದದ್ದೋ? ಬ್ಯಾಟರಿ ಬಿಡಿಯಾಗಿ ಸಿಗುತ್ತದೆಯೋ? ಕೀಲಿಮಣೆ ಕೆಟ್ಟರೆ ಹಾಸನದಲ್ಲಿ ಹಾಕಿಸಬಹುದೋ, ಬೆಂಗಳೂರಿಗೆ ಹೊರಬೇಕೋ? ತೆಳ್ಳಗೆ, ಹೊಳೆಯುವ ಯಂತ್ರಗಳು ಈ ಪರೀಕ್ಷೆಯಲ್ಲಿ ಬಹುಪಾಲು ಸೋಲುತ್ತವೆ. ಬೆಲ್ಟು, ಚಪ್ಪಲಿಗೂ ಬೂಷ್ಟು ಹಿಡಿಯುವ ನಮ್ಮ ಥಂಡಿಯಲ್ಲಿ ಬಿಚ್ಚಿ ಒರೆಸಿ ಮುಚ್ಚಲು ಬರುವ ಯಂತ್ರವೇ ಬಾಳಿಕೆಯದು. ಅಂಥವು ಕಂಪನಿಗಳು ತಮ್ಮ ನೌಕರರಿಗೆಂದು ಕೊಂಡು ಕೆಲವು ವರ್ಷ ಬಳಸಿ ಮಾರುವ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೀಟ್‌ಬುಕ್ ಸಾಲಿನವು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಾಲಾಗಿ ಕೂತಿರುತ್ತವೆ. ಕೊಳ್ಳುವಾಗ ಲಿನಕ್ಸ್ ಇರುವ ಪೆನ್‌ಡ್ರೈವ್ ಜೊತೆಗೊಯ್ಯಿರಿ. ಅಂಗಡಿಯಲ್ಲೇ ಅದರಿಂದ ಯಂತ್ರ ತೆರೆದು ವೈಫೈ, ಕ್ಯಾಮೆರಾ, ಸದ್ದು, ಪ್ರತಿಯೊಂದು ಕೀಲಿ, ಬ್ಯಾಟರಿಯಲ್ಲಿ ಉಳಿದ ಶಕ್ತಿ ಎಲ್ಲ ನೋಡಿ. ಹೊಸದೇ ಬೇಕೆಂದರೆ ವಿಂಡೋಸ್ ಇಲ್ಲದೆ ಬರುವ ಮಾದರಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದವರಿಗೆ ಯಾರೂ ತೋರಿಸುವುದಿಲ್ಲ.

ಎದುರು ವಾದಗಳನ್ನು ಕೇಳಿದ್ದೇನೆ. ‘ಟ್ಯಾಲಿ ಓಡಲ್ಲವಲ್ಲ?’ ನಿಜ, ಟ್ಯಾಲಿ ವಿಂಡೋಸ್‌ಗೆಂದೇ ಮಾಡಿದ್ದು. ಲೆಕ್ಕ ಬರೆಯುವುದೇ ಕಸುಬಾದವರು, ಆಟೋಕ್ಯಾಡ್ ಬೇಕಾದ ಸಿವಿಲ್ ವಿದ್ಯಾರ್ಥಿಗಳು ವಿಂಡೋಸ್ ಇಟ್ಟುಕೊಳ್ಳಲಿ. ಒಂದೇ ಯಂತ್ರದಲ್ಲಿ ಎರಡನ್ನೂ ಇಡಬಹುದು. ಆದರೆ ಬಿಎ ಓದುವ ಹುಡುಗಿಗೆ, ಬಿಎಸ್ಸಿ ಹುಡುಗನಿಗೆ ಟ್ಯಾಲಿಯ ನೆಪ ಹೇಳಬೇಡಿ. ‘ಕೆಲಸಕ್ಕೆ ಹೋದರೆ ವರ್ಡ್, ಎಕ್ಸೆಲ್ ಕೇಳುತ್ತಾರೆ’ ಎಂಬುದು ಎರಡನೆಯದು. ಕೋಷ್ಟಕದಲ್ಲಿ ಸೂತ್ರ ಬರೆಯಲು ಕಲಿತವರಿಗೆ ಗುಂಡಿ ಯಾವ ಮೂಲೆಯಲ್ಲಿದೆ ಎಂದು ಹುಡುಕಲು ಒಂದು ವಾರ ಸಾಕು. ಗದ್ದೆಯಲ್ಲಿ ಒಂದು ಕಂಪನಿಯ ಟಿಲ್ಲರ್ ಹೊಡೆದವನು ಇನ್ನೊಂದು ಹೊಡೆಯಲಾರನೇ? ಮೂರನೆಯದು, ‘ಕೆಟ್ಟರೆ ಯಾರು ನೋಡುತ್ತಾರೆ?’ ಇದೊಂದು ಗಟ್ಟಿ ಪ್ರಶ್ನೆ. ಉತ್ತರ ನಮ್ಮ ಹಿರಿಯರ ಬಳಿಯಿದೆ: ಮುಯ್ಯಾಳು. ಇವತ್ತು ನಿನ್ನ ಗದ್ದೆ, ನಾಳೆ ನನ್ನದು. ಮುಕ್ತ ತಂತ್ರಾಂಶ ಲೋಕವೆಲ್ಲ ನಡೆಯುತ್ತಿರುವುದು ಹೀಗೇ. ಒಂದು ಊರಿಗೆ ಇಬ್ಬರು ಕಲಿತರೆ ಉಳಿದವರಿಗೆ ದಾರಿಯಾಗುತ್ತದೆ. ವಿಂಡೋಸ್ ಕೆಟ್ಟಾಗಲೂ ಮೈಕ್ರೋಸಾಫ್ಟಿನವರು ಬಾಳ್ಳುಪೇಟೆಗೆ ಬಂದು ರಿಪೇರಿ ಮಾಡಿದ್ದಿಲ್ಲ. ಮಾಡಿದ್ದು ಪಕ್ಕದ ಮನೆಯ ಹುಡುಗನೇ.

ಇದೆಲ್ಲ ಹಳ್ಳಿಯಲ್ಲಿ ಆಗುವ ಮಾತಲ್ಲ ಎನ್ನುವವರು ಕಾಸರಗೋಡಿನ ಕಡೆ ನೋಡಲಿ. ಕೇರಳ 2001ರಲ್ಲಿ ‘ಐಟಿ ಅಟ್ ಸ್ಕೂಲ್’ ಶುರುಮಾಡಿ, ಕೆಲವೇ ವರ್ಷಗಳಲ್ಲಿ ಸರ್ಕಾರಿ ಪ್ರೌಢಶಾಲೆಗಳನ್ನು ಪೂರ್ತಿ ಮುಕ್ತ ತಂತ್ರಾಂಶಕ್ಕೆ ತಂದಿತು. ಈಗ ಅದರ ಹೆಸರು ಕೈಟ್. ಕಾಸರಗೋಡಿನ ಕನ್ನಡ ಮಾಧ್ಯಮದ ಮಗು ಕನ್ನಡದಲ್ಲೇ ಅಚ್ಚಾದ ಪುಸ್ತಕ ಹಿಡಿದು ಲಿನಕ್ಸ್ ಮೇಲೆ ಪಾಠ ಕಲಿಯುತ್ತದೆ. ಕನ್ನಡದ್ದೇ ರಾಜ್ಯದಲ್ಲಿ, ಆಲೂರಿನ ಮಗುವಿಗೆ ಆ ಭಾಗ್ಯವಿಲ್ಲ. ನಮ್ಮಲ್ಲೂ ಪ್ರಯತ್ನ ಆಗಿಲ್ಲವೆಂದಲ್ಲ. ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಮೇಷ್ಟ್ರುಗಳು ಉಬುಂಟು ಕಲಿತರು, ಕನ್ನಡದಲ್ಲಿ ಮುಕ್ತ ಪಾಠ ಸಾಮಗ್ರಿ ಬರೆದರು. ತರಬೇತಿ ನಡೆಯಿತು, ನೀತಿಯಾಗಲಿಲ್ಲ. ಕೇಂದ್ರ ಸರ್ಕಾರ 2015ರಲ್ಲೇ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡಿ ಎಂಬ ನೀತಿ ಹೊರಡಿಸಿದೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿದೆ.

ಹಾಗಾಗಿ ಬೇಡಿಕೆಗಳನ್ನು ನೇರವಾಗಿ ಇಡುತ್ತೇನೆ. ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಪ್ರತಿ ಲ್ಯಾಪ್‌ಟಾಪ್ ಮುಕ್ತ ತಂತ್ರಾಂಶದೊಂದಿಗೆ, ಯೂನಿಕೋಡ್ ಕನ್ನಡದೊಂದಿಗೆ ಬರಲಿ. ಉಳಿದ ಪರವಾನಗಿ ದುಡ್ಡು ಮೇಷ್ಟ್ರ ತರಬೇತಿಗೆ ಹೋಗಲಿ. ಕಾಲೇಜುಗಳು ‘ವರ್ಡ್ ಫೈಲ್ ಕಳಿಸಿ’ ಎಂದು ಬರೆಯುವುದನ್ನು ಬಿಟ್ಟು ಯಾವ ತಂತ್ರಾಂಶದಲ್ಲೂ ತೆರೆಯುವ ಕಡತ ಕೇಳಲಿ. ಪಂಚಾಯಿತಿ, ಸಹಕಾರ ಸಂಘಗಳು ಹಳೆಯ ನುಡಿ, ಬರಹ ಕಡತಗಳನ್ನು ಓದಬಲ್ಲವರು ಇನ್ನೂ ಇರುವಾಗಲೇ ಯೂನಿಕೋಡ್‌ಗೆ ತರಲಿ. ತಂದೆ ತಾಯಂದಿರು ಇಎಂಐ ಕಾಗದಕ್ಕೆ ಸಹಿ ಹಾಕುವ ಮುಂಚೆ ಅಟ್ಟದ ಮೇಲೆ, ಬೀರುವಿನೊಳಗೆ ‘ಸ್ಲೋ ಆಗಿದೆ’ ಎಂದು ಎತ್ತಿಟ್ಟ ಹಳೆಯ ಯಂತ್ರವನ್ನು ಒಮ್ಮೆ ಇಳಿಸಿ ಧೂಳು ಒರೆಸಲಿ. ಆ ದುಡ್ಡಿನಲ್ಲಿ ಮಗಳ ಒಂದು ವರ್ಷದ ಹಾಸ್ಟೆಲ್ ಖರ್ಚಿಗೆ ಆಸರೆಯಾಗಬಹುದು.