ಗೋಡೆಯ ಮೇಲಿನ ಮೀನು

ಬೇಟೆಯ ಹುಲಿಯನ್ನು ದಿವಾನಖಾನೆಯಲ್ಲಿ ಮೆರೆಸುವ ಕಾಲ ಕಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ತಡೆಹಾಕಿತು. ಆದರೆ ಗಾಳಕ್ಕೆ ಸಿಕ್ಕ ಹಿರಿಯ ಮೀನನ್ನು ಚರ್ಮಪ್ರಸಾಧನದಿಂದ, ಎಂದರೆ ಟ್ಯಾಕ್ಸಿಡರ್ಮಿಯಿಂದ, ಕೆಡದಂತೆ ಮಾಡಿ ಹಲಗೆಯ ಮೇಲೆ ಕೂರಿಸುವ ಆಸೆ ಲೋಕದಲ್ಲಿ ಇನ್ನೂ ಅಳಿದಿಲ್ಲ. ಈ ಆಸೆ ಎಷ್ಟರಮಟ್ಟಿಗೆ ಯೋಗ್ಯವಾದುದು?

ಗೋಡೆಯ ಕಡೆಗೆ ಬರುವ ಮಗ್ಗುಲನ್ನು ಸೀಳಿ, ಮಾಂಸವನ್ನೆಲ್ಲ ತೆಗೆದು, ಚರ್ಮದ ಒಳಭಾಗವನ್ನು ಹೆರೆದು ಬಿಳಿಗಾರ ಸವರಿ, ಮೀನಿನ ಅಳತೆಗೇ ಕಡೆದ ಅಚ್ಚಿನ ಮೇಲೆ ಹೊದಿಸಿ ಹೊಲಿಯುತ್ತಾರೆ. ಒಣಗುವಾಗ ಮುರುಟದಂತೆ ಈಜುರೆಕ್ಕೆಗಳನ್ನು ರಟ್ಟುಗಳ ನಡುವೆ ಹರಡಿ ಬಿಗಿಯಬೇಕು. ತಲೆಯಲ್ಲಿ ಕೊಬ್ಬು ಉಳಿದರೆ ಮುಂದೆ ಜಿಡ್ಡು ಒಸರುವುದು. ಇಷ್ಟೆಲ್ಲ ಪಟ್ಟರೂ ಬಣ್ಣ ನಿಲ್ಲದು. ಹುಲಿಯ ಬಣ್ಣ ರೋಮದಲ್ಲಿದೆ, ಉಳಿಯುತ್ತದೆ. ಮೀನಿನದು ಪ್ರಾಣದೊಡನೆಯೇ ಮಾಸತೊಡಗುತ್ತದೆ. ಕಲ್ಯಾಣದ ಮೀನುಪೇಟೆಯಲ್ಲಿ ಬೆಳಗಿನ ಮೀನನ್ನೂ ಸಂಜೆಗೆ ಉಳಿದುದನ್ನೂ ಕಂಡವರಿಗೆ ಇದನ್ನು ಹೇಳಬೇಕಾಗಿಲ್ಲ. ಕಣ್ಣು ಗಾಜಿನದು, ಬಣ್ಣ ಕುಂಚದ್ದು, ಒಡಲು ಅಚ್ಚಿನದು. ಮೀನಿನದೆಂದು ಉಳಿದುದು ಒಂದು ತೊಗಲು ಮಾತ್ರ.

ಈ ಕಲೆಗೆ ನಮ್ಮ ಮೈಸೂರು ಜಗತ್ಪ್ರಸಿದ್ಧವಾಗಿತ್ತು. ಅಲ್ಲಿಯ ವ್ಯಾನ್ ಇಂಗೆನ್ ಮನೆತನದವರು 1900ರ ಸುಮಾರಿನಿಂದ 1999ರವರೆಗೆ ಹುಲಿ ಚಿರತೆಗಳ ಚರ್ಮಕ್ಕೆ ಜೀವಕಳೆ ಕೊಡುತ್ತಿದ್ದರು. ಅವರಲ್ಲೊಬ್ಬರಾದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಮೀನನ್ನು ಗಾಳದಿಂದ ಹಿಡಿದರು. ತೂಕದ ಕೀರ್ತಿ ದೇಶಾಂತರಗಳಿಗೆ ಹಬ್ಬಿತು. ಆದರೆ ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ ಯಾವ ಜಾತಿಯದೆಂದು ವಿಜ್ಞಾನಿಗಳು ನಿರ್ಧರಿಸಿದ್ದು 2018ರಲ್ಲಿ, ಮೋಯಾರ್ ನದಿಯ ಮೀನುಗಳನ್ನು ಪರೀಕ್ಷಿಸಿದ ಬಳಿಕ! 'ಟಾರ್ ರೆಮಾದೇವಿಯೈ' ಎಂಬ ಹೆಸರು ನಿಶ್ಚಯವಾದ ವರ್ಷವೇ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯನ್ನೂ ಸೇರಿತು. ತೂಕವನ್ನು ಕೊಂಡಾಡಿದ ನಾವು ಮೀನನ್ನು ಅರಿಯಲು ತಡಮಾಡಿದೆವು.

ಕಲೆಯನ್ನು ನಾನು ಹಳಿಯುತ್ತಿಲ್ಲ. ನಮ್ಮ ಠಾಣೆಯ ಯೇವೂರಿನವರೆಗೂ ಹಬ್ಬಿರುವ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ, ಬೋರಿವಲಿಯ ಕಡೆ, 2009ರಲ್ಲಿ ಚರ್ಮಪ್ರಸಾಧನ ಕೇಂದ್ರವೊಂದು ಆರಂಭವಾಯಿತು. ಪಶುವೈದ್ಯ ವಿದ್ಯಾಲಯದ ಪ್ರಾಧ್ಯಾಪಕ ಡಾ. ಸಂತೋಷ ಗಾಯಕವಾಡರು ಅಲ್ಲಿ ತಾವಾಗಿ ಸತ್ತ ಪ್ರಾಣಿಗಳನ್ನು ಕಲಿಯುವವರಿಗಾಗಿ ಉಳಿಸಿಕೊಟ್ಟರು. ಅದು ವಿದ್ಯೆ. ಗೋಡೆಯ ಅಂದಕ್ಕಾಗಿ ಹೊಳೆಯ ಹಿರಿಯ ಮೀನನ್ನು ಕೊಲ್ಲುವುದು ಬೇರೆ ಮಾತು. ದೊಡ್ಡ ಹೆಣ್ಣುಮೀನು ಇಡುವ ಮೊಟ್ಟೆಗಳ ರಾಶಿಯನ್ನು ಸಣ್ಣದು ಇಡಲಾರದು. ಉದ್ದ, ಸುತ್ತಳತೆ ಅಳೆದು, ಛಾಯಾಚಿತ್ರ ತೆಗೆದು, ಮೀನನ್ನು ನೀರಿಗೆ ಬಿಟ್ಟು, ಫೈಬರ್‌ಗ್ಲಾಸಿನ ಪ್ರತಿಕೃತಿ ಮಾಡಿಸುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ಮೆರೆಯಲೇಬೇಕೆಂಬವರಿಗೆ ಅಷ್ಟು ಸಾಲದೆ?

ನಮ್ಮ ವಿಜ್ಞಾನದ ಕೋಣೆಗೂ ತೊಗಲಿನ ಮೀನು ಬೇಡ. ಪೇಟೆಯ ರೋಹು ಒಂದನ್ನು ತಂದು, ಒದ್ದೆ ಮರಳಿನಲ್ಲಿ ಅರ್ಧ ಹೂತು, ಮೇಲೆ ಪ್ಲಾಸ್ಟರ್ ಹೊಯ್ದರೆ ಅಚ್ಚು ಸಿದ್ಧ. (ಮೀನು ತಿನ್ನದ ಮನೆಯ ಮಕ್ಕಳು ಮೂಗು ಮುಚ್ಚಿಕೊಂಡಾದರೂ ನೋಡಲಿ.) ಗಟ್ಟಿಯಾದ ಅಚ್ಚಿಗೆ ಸಾಬೂನು ಸವರಿ ಮತ್ತೆ ಪ್ಲಾಸ್ಟರ್ ಹೊಯ್ದು ಬಿಡಿಸಿದರೆ ಹುರುಪೆ ಹುರುಪೆಯೂ ಮೂಡಿ ಬರುತ್ತದೆ. ಬಣ್ಣ ಹಚ್ಚುವ ಮುನ್ನ ಒಂದು ಚೀಟಿ ಅಂಟಿಸಿರಿ: ಮೀನಿನ ಹೆಸರು, ಉದ್ದ, ತೂಕ, ಎಲ್ಲಿಂದ ಬಂತು, ಯಾವ ದಿನ.