ಹಾಲು, ತೊಟ್ಟಿಲು ಇದ್ದರೆ ಸಾಕೇ?

"ಹಾಲಿದೆ, ತೊಟ್ಟಿಲಿದೆ, ಮೇಲೆ ಫ್ಯಾನೂ ತಿರುಗುತ್ತಿದೆ. ಇನ್ನೇನು ಬೇಕು ನಿಮ್ಮ ಮಕ್ಕಳಿಗೆ?" ಪಾಳಣಾಘರಕ್ಕೆ ಇನ್ನಿಬ್ಬರು ಆಯಾಗಳನ್ನು ಕೊಡಿರೆಂದು ಕೇಳಹೋದಾಗಲೆಲ್ಲ ಮಾಲಕರು ನಮಗೆ ಕೊಡುವ ಉತ್ತರವಿದು. ಕೇಳಹೋದವರು ತಲೆ ತಗ್ಗಿಸಿ ಹಿಂತಿರುಗುತ್ತಾರೆ. ಬಂಧುಗಳೇ, ತಲೆ ತಗ್ಗಿಸಬೇಕಾದವರು ನಾವಲ್ಲ.

ಈ ಉತ್ತರವನ್ನು ಒಂದು ದೇಶವೇ ಆಚರಿಸಿ ನೋಡಿಯಾಗಿದೆ. ರುಮಾನಿಯದಲ್ಲಿ ಚೌಶೆಸ್ಕುವಿನ ಸರಕಾರ 1966ರಲ್ಲಿ ಗರ್ಭಪಾತವನ್ನು ಬಹುಮಟ್ಟಿಗೆ ನಿಷೇಧಿಸಿತು. ದೇಶಕ್ಕೆ ಜನ ಬೇಕು, ಹೆರಿರಿ ಎಂದಿತು. ಹೆತ್ತ ಬಡವರಿಗೆ ಸಾಕುವ ಶಕ್ತಿ ಎಲ್ಲಿಂದ ಬರಬೇಕು? ಮಕ್ಕಳು ಸರಕಾರಿ ಅನಾಥಾಲಯ ಸೇರಿದವು. 1989ರ ಡಿಸೆಂಬರಿನಲ್ಲಿ ಆ ಸರಕಾರ ಉರುಳಿದಾಗ ಅಂಥ ಮಕ್ಕಳು ಒಂದು ಲಕ್ಷಕ್ಕೂ ಮೇಲಿದ್ದರು. ಒಳಹೊಕ್ಕು ನೋಡಿದವರನ್ನು ಬೆಚ್ಚಿಸಿದ್ದು ಅಲ್ಲಿಯ ಮೌನ. ಅತ್ತರೆ ಯಾರೂ ಬರುವುದಿಲ್ಲವೆಂದು ಕಲಿತ ಕೂಸುಗಳು ಅಳುವುದನ್ನೇ ಬಿಟ್ಟಿದ್ದವು. ತೊಟ್ಟಿಲಲ್ಲಿ ಕುಳಿತು ತಮ್ಮನ್ನು ತಾವೇ ತೂಗಿಕೊಳ್ಳುತ್ತಿದ್ದವು.

"ಅಲ್ಲಿ ಅನ್ನಕ್ಕೇ ಬರವಿತ್ತು, ಅದರಿಂದ ಹಾಗಾಯಿತು" ಎನ್ನುವ ಜಾಣರಿದ್ದಾರೆ. ಅವರಿಗೂ ಉತ್ತರವುಂಟು. ಅನಾಥಾಲಯಗಳ ಸ್ಥಿತಿ ಎಷ್ಟೋ ಸುಧಾರಿಸಿದ ಮೇಲೆ, 2000ದ ಹೊತ್ತಿಗೆ, ಅಮೆರಿಕದ ವಿಜ್ಞಾನಿಗಳು ಬುಖಾರೆಸ್ಟ್ ನಗರದಲ್ಲಿ 136 ಎಳೆಯ ಮಕ್ಕಳನ್ನು ಆರಿಸಿಕೊಂಡರು. ಚೀಟಿ ಎತ್ತಿ ಅರ್ಧದಷ್ಟು ಮಕ್ಕಳನ್ನು ಸಾಕುತಾಯಂದಿರ ಮನೆಗೆ ಕಳಿಸಿದರು. ಉಳಿದವರಿಗೆ ಎಂದಿನ ವ್ಯವಸ್ಥೆಯೇ. ನಾಲ್ಕೂವರೆ ವರ್ಷ ತುಂಬಿದಾಗ ಬುದ್ಧಿಶಕ್ತಿಯನ್ನು ಅಳೆದರೆ ಉಳಿದವರ ಸರಾಸರಿ 73, ಸಾಕುಮನೆಯವರದು 81, ಮೊದಲಿನಿಂದಲೂ ತಾಯಿತಂದೆಗಳೊಡನೆ ಬೆಳೆದ ಅದೇ ಊರಿನ ಮಕ್ಕಳದು 109! ಎರಡು ವರ್ಷ ತುಂಬುವ ಮೊದಲೇ ಸಾಕುಮನೆ ಸೇರಿದವರು ಹೆಚ್ಚು ಚೇತರಿಸಿಕೊಂಡರು. ತಡವಾದವರಿಗೆ ಕಳೆದುಕೊಂಡದ್ದು ಅಷ್ಟಾಗಿ ಕೈಗೆ ಹತ್ತಲಿಲ್ಲ.

ಕೂಸು 'ಊಂ' ಎಂದರೆ ತಾಯಿ 'ಏನೋ ಪುಟ್ಟಾ' ಎನ್ನುತ್ತಾಳೆ. ಆ ಉತ್ತರದಿಂದಲೇ ಕೂಸಿಗೆ ಮಾತೂ ಬರುತ್ತದೆ, ಧೈರ್ಯವೂ ಬರುತ್ತದೆ. ನಮ್ಮ ಚಾಳಿನ ಅಜ್ಜಿಯರಿಗೆ ಇದು ಗೊತ್ತು. ಮಾಲಕರಿಗೆ ಮಾತ್ರ ಗೊತ್ತಿಲ್ಲ.

ನಮ್ಮ ಪಾಳಣಾಘರ ಬುಖಾರೆಸ್ಟಿನ ಅನಾಥಾಲಯವಲ್ಲ, ಸಂಜೆ ಮಗು ಮನೆಗೆ ಬರುತ್ತದೆ, ನಿಜ. ಆದರೆ ಅದು ಎಚ್ಚರವಿರುವ ಹೊತ್ತೆಲ್ಲ ಕಳೆಯುವುದು ಅಲ್ಲಿ. ಆ ಹೊತ್ತಿನಲ್ಲಿ ಇಪ್ಪತ್ತು ಕೂಸುಗಳಿಗೆ ಒಬ್ಬಳೇ ಆಯಾ ಇದ್ದರೆ ಆಕೆ ಬಾಟಲಿ ತೊಳೆದಾಳೇ, 'ಊಂ' ಎಂದವರಿಗೆಲ್ಲ ಓಗೊಟ್ಟಾಳೇ? ಕಾನೂನು ಮಾಡಿದವರು ಇದನ್ನು ಅರಿತಿದ್ದರು. ಶಿಶುಪಾಲನೆಯಲ್ಲಿ ತರಬೇತಿ ಪಡೆದ ಹೆಂಗಸರ ಕೈಯಲ್ಲೇ ಮಕ್ಕಳಿರಬೇಕೆಂದು 1948ರ ಕಾರ್ಖಾನೆ ಕಾನೂನು ಬರೆದಿತ್ತು. 2017ರ ಹೆರಿಗೆ ಸೌಲಭ್ಯದ ತಿದ್ದುಪಡಿ, 50 ಜನ ದುಡಿಯುವಲ್ಲಿ ಪಾಳಣಾಘರವಿರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಎಂದಿತು. ಹತ್ತಾರು ಜನರ ಸಣ್ಣ ಹೊಟೇಲುಗಳಿಗೆ ಈ ಲೆಕ್ಕ ತಗಲುವುದಿಲ್ಲ. ಅಲ್ಲಿ ಪಾತ್ರೆ ತಿಕ್ಕುವ ನಮ್ಮ ತಂಗಿಯರ ಮಕ್ಕಳು ಎಲ್ಲಿಗೆ ಹೋಗಬೇಕು? ಒಂದು ರಸ್ತೆಯ ಹೊಟೇಲಿನವರೆಲ್ಲ ಕೂಡಿ ಒಂದು ಪಾಳಣಾಘರ ನಡೆಸಲಾರರೇ?

ಮುಂದಿನ ಬೇಡಿಕೆಪತ್ರದಲ್ಲಿ ಇದನ್ನು ಬರೆಯಿಸೋಣ: ನಾಲ್ಕು ಕೂಸುಗಳಿಗೊಬ್ಬ ಆಯಾ, ಆಕೆಗೆ ಬದುಕುವಷ್ಟು ಸಂಬಳ, ತಿಂಗಳಿಗೊಬ್ಬಳಂತೆ ಆಯಾಗಳನ್ನು ಬದಲಿಸಕೂಡದು. ಬೇಕಾದರೆ ಫ್ಯಾನಿನ ಖರ್ಚನ್ನು ಅವರೇ ಉಳಿಸಿಕೊಳ್ಳಲಿ.